ಬಿಚ್ಚದೆ ಇಟ್ಟ ಪೆಟ್ಟಿಗೆ

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ "ಬೈಸಿಕೊಳ್ಳುವುದು" ಎನ್ನುತ್ತಿದ್ದೆ. ಕೇಳಿದವರು ನಗುತ್ತಿದ್ದರು. ನಾನೇನೂ ತಮಾಷೆಗೆ ಹೇಳುತ್ತಿರಲಿಲ್ಲ. ಫ್ರಿಜ್ಜು, ಕೂಲರು, ಬಟ್ಟೆ ಒಗೆಯುವ ಮಷೀನು ತಯಾರಿಸುವ ಕಂಪನಿಯೊಂದರ ದೂರು ವಿಭಾಗದಲ್ಲಿ ನನ್ನ ಕೆಲಸ. ಆಫೀಸು ಇದ್ದದ್ದು ದೆಹಲಿಯ ಓಖ್ಲಾದಲ್ಲಿ. ಮದುವೆಯಾಗಿ ಹಾವೇರಿಯಿಂದ ಬಂದ ಹೊಸದರಲ್ಲಿ ಸೇರಿದವಳು ತಲೆ ನರೆತು ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದೆ. ಹೆಸರು ಶಾಂತಾ. ಸ್ವಭಾವ ಹೆಸರಿಗೆ ತದ್ವಿರುದ್ಧ ಎಂದು ನಮ್ಮ ಯಜಮಾನರು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ಇಂಥ ಸಿಡುಕಿಯನ್ನು ದೂರು ಕೇಳಲು ಕೂರಿಸಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ.

ಇದನ್ನೆಲ್ಲ ಬರೆಯಲು ಕೂತದ್ದು ನನ್ನ ತಂಗಿಯ ಮಗಳು ನಮ್ರತಾಳಿಂದಾಗಿ. ದಾವಣಗೆರೆಯ ಹುಡುಗಿ, ಈಗ ಗುರುಗ್ರಾಮದಲ್ಲಿ ಆನ್‌ಲೈನ್ ಅಂಗಡಿಯೊಂದರ ಗ್ರಾಹಕ ಸೇವೆಗೆ ಸೇರಿದ್ದಾಳೆ. ಭಾನುವಾರ ನಮ್ಮ ಘಾಜಿಯಾಬಾದಿನ ಫ್ಲಾಟಿಗೆ ಊಟಕ್ಕೆ ಬರುತ್ತಾಳೆ. ಮೊನ್ನೆ ಬಂದವಳು ತಟ್ಟೆಯ ಮುಂದೆ ಕೂತು ಗೊಣಗಿದಳು.

"ದೊಡ್ಡಮ್ಮ, ಈ ಜನಕ್ಕೆ ಏನಾಗಿದೆ? ಕಿಟಕಿ ಪರದೆ ಬಣ್ಣ ಫೋಟೋದಲ್ಲಿ ಇದ್ದ ಹಾಗಿಲ್ಲ ಅಂತ ಒಬ್ಬ ಹೆಂಗಸು ಫೋನಲ್ಲಿ ಅತ್ತೇಬಿಟ್ಟಳು. ಪರದೆಗೆ ಯಾರಾದ್ರೂ ಅಳ್ತಾರಾ?"

"ನೀನೇನಂದೆ?"

"ನಮ್ಗೆ ಬರ್ಕೊಟ್ಟಿದ್ದಾರಲ್ಲ, ಅದೇ. ಅಸುವಿಧಾ ಕೇ ಲಿಯೇ ಖೇದ್ ಹೈ, ತೊಂದರೆಗೆ ವಿಷಾದಿಸ್ತೀವಿ ಅಂತ."

"ಆ ಮನೆಗೆ ಯಾರು ಬರೋರಿದ್ರು ಅಂತ ಕೇಳಿದೆಯಾ?"

ಅವಳು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಪರದೆಗೂ ಮನೆಗೆ ಬರುವವರಿಗೂ ಏನು ಸಂಬಂಧ ಎಂದು ಆ ಕಣ್ಣು ಕೇಳುತ್ತಿತ್ತು. ಅವಳಿಗೆ ಬಾಯಲ್ಲಿ ಹೇಳಹೊರಟರೆ ಮಧ್ಯೆ ಮೊಬೈಲು ಬಡಿದುಕೊಳ್ಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೇರಿದಾಗ ದೂರು ಎಂದರೆ ಮನುಷ್ಯರೇ ಎದುರಿಗೆ ಬಂದು ನಿಲ್ಲುತ್ತಿದ್ದರು. ಉದ್ದನೆಯ ಮೇಜು, ಈಚೆಗೆ ನಾವು, ಆಚೆಗೆ ಅವರು. ನಮ್ಮ ಮೇಲಧಿಕಾರಿ ಖನ್ನಾ ಸಾಹೇಬರು. ದಪ್ಪ ಮೀಸೆ, ಮೆಲುದನಿ. ಮೊದಲ ದಿನವೇ ನನ್ನ ಮುಂದೆ ಒಂದು ತಟ್ಟೆಯಲ್ಲಿ ನೀರಿನ ಗ್ಲಾಸುಗಳನ್ನು ಇರಿಸಿದರು.

"ಯಾರೇ ಬರಲಿ ಶಾಂತಾ ಜೀ, ಪಹಲೇ ಪಾನಿ. ನೀರು ಕುಡೀತಾ ಯಾರಿಗೂ ಬೈಯೋಕೆ ಆಗಲ್ಲ. ಅಷ್ಟರಲ್ಲಿ ನೀವು ಅವರ ಮುಖ ನೋಡಿಕೊಳ್ಳಿ."

ದೆಹಲಿಯ ಬಿಸಿಲಿನಲ್ಲಿ ಬಸ್ಸು ಹಿಡಿದು ಬಂದವರಿಗೆ ಆ ನೀರು ನಿಜಕ್ಕೂ ಬೇಕಾಗುತ್ತಿತ್ತು. ನಾನು ಅದನ್ನು ಶ್ರದ್ಧೆಯಿಂದ ಪಾಲಿಸಿದೆ, ಸ್ವಲ್ಪ ಹೆಚ್ಚೇ ಪಾಲಿಸಿದೆ. ಆ ವರ್ಷ ದಸರೆ ಕಳೆದ ಮೇಲೆ ಒಂದು ದಿನ ಕೈತುಂಬ ಮೆಹಂದಿ, ಕೆಂಪು ಸೀರೆ ಉಟ್ಟ ಹೆಂಗಸೊಬ್ಬಳು ಒಗೆಯುವ ಮಷೀನು ಕೆಟ್ಟಿದೆ ಎಂದು ಉರಿದುಕೊಂಡು ಬಂದಳು. ನಾನು ನೀರು ಮುಂದಿಟ್ಟೆ. ಬೇಡ ಎಂದಳು. ತಗೊಳ್ಳಿ ಎಂದೆ. ಬೇಡ ಎಂದು ಮುಖ ತಿರುಗಿಸಿದಳು. ಸಿಟ್ಟಿನಲ್ಲಿದ್ದಾಳೆ, ಇನ್ನೊಮ್ಮೆ ಒತ್ತಾಯ ಮಾಡೋಣ ಎಂದು ಗ್ಲಾಸನ್ನು ಅವಳ ಕೈಗೇ ಹಿಡಿಸಲು ಹೋದೆ. ಆಕೆ ಬಿಕ್ಕಿಬಿಕ್ಕಿ ಅತ್ತಳು. ಅವತ್ತು ಕರ್ವಾ ಚೌಥ್. ಗಂಡನ ಆಯಸ್ಸಿಗಾಗಿ ಹನಿ ನೀರೂ ಮುಟ್ಟದೆ ಚಂದ್ರ ಕಾಣುವವರೆಗೆ ಉಪವಾಸ. ಹಾವೇರಿಯವಳಿಗೆ ಅದೆಲ್ಲ ಎಲ್ಲಿ ಗೊತ್ತಿತ್ತು! ಖನ್ನಾ ಸಾಹೇಬರು ಎದ್ದು ಬಂದು ಅವಳ ಕ್ಷಮೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಮುಖ ನೋಡಿಕೊಳ್ಳಿ ಅಂತಾನೂ ಹೇಳಿದ್ದೆ" ಎಂದರು. ಅವತ್ತು ನನಗಾದ ನಾಚಿಕೆ ಅಷ್ಟಿಷ್ಟಲ್ಲ.

ಇನ್ನು ಜುಲೈ ತಿಂಗಳ ಕೂಲರ್ ದೂರುಗಳು. ಒಣ ಬಿಸಿಲಿನ ಮೇ ತಿಂಗಳಲ್ಲಿ ಕೂಲರು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆ ಶುರುವಾಗಿ ಗಾಳಿಯಲ್ಲಿ ತೇವ ತುಂಬಿದರೆ ಅದು ಬರೀ ಒದ್ದೆ ಗಾಳಿ ಊದುತ್ತದೆ. ಅದು ಕೂಲರಿನ ಹಣೆಬರಹ, ಯಾವ ಕಂಪನಿಯೂ ಏನೂ ಮಾಡಲಾಗದು. ಆದರೆ ನಮ್ಮ ಜಾಹೀರಾತಿನಲ್ಲಿ ಕೂಲರಿನ ಹಿಂದೆ ಹಿಮದ ಬೆಟ್ಟ, ಮುಂದೆ ಸ್ವೆಟರ್ ತೊಟ್ಟು ನಗುತ್ತಿರುವ ಅಪ್ಪ, ಅಮ್ಮ, ಮಕ್ಕಳು. ಸೇನೆಯಿಂದ ನಿವೃತ್ತರಾದವರೊಬ್ಬರು ಆ ಚಿತ್ರವನ್ನು ಮೇಜಿನ ಮೇಲೆ ಹರಡಿ, ಒಂದೂ ಬೈಗುಳವಿಲ್ಲದೆ, "ನನ್ನ ಹೆಂಡತಿ ಕಾಯಿಲೆಯಿಂದ ಮಲಗಿದ್ದಾಳೆ. ಈ ಚಿತ್ರ ನೋಡಿ ಅವಳಿಗೆ ಮಾತು ಕೊಟ್ಟಿದ್ದೆ. ಈಗ ಅವಳಿಗೆ ಏನು ಹೇಳಲಿ, ನೀವೇ ಹೇಳಿಕೊಡಿ" ಎಂದು ನಿಂತರು. ಖನ್ನಾ ಸಾಹೇಬರು ಆ ಹಿಮದ ಬೆಟ್ಟ ತೆಗೆಸಿ ಎಂದು ಮುಖ್ಯ ಕಚೇರಿಗೆ ಬರೆದರು. ಮುಂದಿನ ವರ್ಷ ನಿಜಕ್ಕೂ ತೆಗೆದರು. ಅದರ ಜಾಗದಲ್ಲಿ ಪೆಂಗ್ವಿನ್ ಹಾಕಿದರು.

ಆ ಸೇನೆಯವರು ಬಂದು ಹೋದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ವಸ್ತು ಕೆಟ್ಟರೆ ಜನ ತಾಳಿಕೊಳ್ಳುತ್ತಾರೆ. ಆ ವಸ್ತು ತೋರಿಸಿ ಮನೆಯಲ್ಲಿ ಯಾರಿಗೋ ಒಂದು ಮಾತು ಕೊಟ್ಟಿರುತ್ತಾರಲ್ಲ, ಅದು ಸುಳ್ಳಾದಾಗ ಅವರಿಗೆ ತಡೆಯಲಾಗುವುದಿಲ್ಲ. ನಮ್ಮ ಮೇಜಿನ ಮುಂದೆ ಬಂದು ಕೂಗಾಡುವಾಗ ಅವರು ಮನೆಯಲ್ಲಿರುವ ಆ ಇನ್ನೊಬ್ಬರ ಮುಖವನ್ನೇ ನೆನೆದುಕೊಳ್ಳುತ್ತಿರುತ್ತಾರೆ. ನಮ್ರತಾಗೆ ನಾನು ಕೇಳಿದ ಪ್ರಶ್ನೆ ಇಲ್ಲಿಂದ ಬಂದದ್ದು.

ಖನ್ನಾ ಸಾಹೇಬರು ನಿವೃತ್ತರಾದರು. ಮೇಜು ಹೋಯಿತು, ನೀರಿನ ತಟ್ಟೆ ಹೋಯಿತು. ಫೋನು ಬಂತು. ಮೊದಮೊದಲು ಎತ್ತಿದರೆ ಮನುಷ್ಯರ ದನಿ ಕೇಳುತ್ತಿತ್ತು, ಆಮೇಲೆ ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಎನ್ನುವ ಯಂತ್ರ ಬಂತು. ಕಂಪ್ಯೂಟರಿನಲ್ಲಿ ದೂರು ತೆರೆಯುವುದು, ಮುಚ್ಚುವುದು. ಮುಚ್ಚಿದಷ್ಟೂ ಒಳ್ಳೆಯ ಹೆಸರು. ಹೊಸ ಮೇಲಧಿಕಾರಿ ಮೆಹ್ರಾ ಸಾಹೇಬರು ಕೆಟ್ಟವರಲ್ಲ, ಚುರುಕಿನ ಮನುಷ್ಯ, ಆದರೆ ಹೆದರುಪುಕ್ಕಲು. ಅವರು ಹಾಕಿದ ಮೊದಲ ಕಟ್ಟಳೆಯೇ ಇದು. "ಖೇದ ವ್ಯಕ್ತಪಡಿಸಿ, ಎಷ್ಟು ಸಲ ಬೇಕಾದ್ರೂ ವ್ಯಕ್ತಪಡಿಸಿ. ಆದರೆ 'ತಪ್ಪು ನಮ್ಮದು' ಅನ್ನೋ ಮಾತು ಯಾರ ಬಾಯಲ್ಲೂ ಬರಕೂಡದು. ಆ ಮಾತು ಹಿಡ್ಕೊಂಡು ನಾಳೆ ಕೋರ್ಟಿಗೆ ಹೋಗ್ತಾರೆ."

ನಾನೂ ಖೇದ ವ್ಯಕ್ತಪಡಿಸುತ್ತಾ ಹೋದೆ. ನಾಲಿಗೆಗೆ ಅದು ಎಷ್ಟು ರೂಢಿಯಾಯಿತೆಂದರೆ, ಒಂದು ದಿನ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದ ಯಜಮಾನರಿಗೂ "ಅಸುವಿಧಾ ಕೇ ಲಿಯೇ ಖೇದ್ ಹೈ" ಎಂದುಬಿಟ್ಟೆ.

ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದಾಗ ಓಂಪ್ರಕಾಶ್ ಜೀ ಬಂದರು. ಮೇ ತಿಂಗಳ ಮಧ್ಯಾಹ್ನ. ಗೇಟಿನಿಂದ ಕಾವಲುಗಾರ ಫೋನು ಮಾಡಿದ. "ಮೇಡಂ, ಒಬ್ಬ ಬುಜುರ್ಗ್, ವಯಸ್ಸಾದವರು, ಇಲ್ಲಿ ಬಿಸಿಲಲ್ಲೇ ಕೂತುಬಿಟ್ಟಿದ್ದಾರೆ. ಫೋನಲ್ಲಿ ದೂರು ಕೊಡಿ ಅಂದ್ರೆ ಕೇಳ್ತಿಲ್ಲ. ಬೈಯೋದೂ ಇಲ್ಲ, ಏಳೋದೂ ಇಲ್ಲ."

ಹೋಗಿ ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಸಣಕಲು ಮನುಷ್ಯ. ತೊಡೆಯ ಮೇಲೆ ಬಟ್ಟೆಯ ಚೀಲ. ಅದರಲ್ಲಿ ಒಂದು ನೀರಿನ ಬಾಟಲಿ. ಒಳಗೆ ಕರೆದುಕೊಂಡು ಹೋಗಿ ಖನ್ನಾ ಸಾಹೇಬರ ಕಾಲದ ಹಾಗೆ ಮೊದಲು ನೀರು ಕೊಟ್ಟೆ. ಗಟಗಟ ಕುಡಿದರು. ಘಾಜಿಯಾಬಾದಿನ ನಟ್ಟು ಬೋಲ್ಟಿನ ಕಾರ್ಖಾನೆಯಲ್ಲಿ ಲೇಥ್ ಮಷೀನು ನಡೆಸಿ ನಿವೃತ್ತರಾದವರು. ವಸಂತ ಪಂಚಮಿಯ ದಿನ ಮಗಳು ರಿತುವಿನ ಮದುವೆ ಮಾಡಿದ್ದರು. ಹುಡುಗನ ಮನೆ ಗುರುಗ್ರಾಮ. ಮದುವೆಗೆ ನಮ್ಮ ಕಂಪನಿಯ ಫ್ರಿಜ್ಜು ಕೊಟ್ಟಿದ್ದರು.

"ಬಹನ್ ಜೀ, ನನಗೆ ದುಡ್ಡು ವಾಪಸ್ ಬೇಡ. ಬದಲಿ ಫ್ರಿಜ್ ಕೂಡ ಕೇಳ್ತಿಲ್ಲ. ನಿಮ್ಮ ಕಂಪನಿಯವರು ಯಾರಾದ್ರೂ ಒಬ್ಬರು ಬಂದು ನನ್ನ ಮಗಳ ಹತ್ರ, 'ನಿಮ್ಮಪ್ಪ ಹಳೇದು ಕೊಡ್ಲಿಲ್ಲ' ಅಂತ ಹೇಳ್ಬೇಕು. ಅಷ್ಟೇ ಸಾಕು."

ಇಷ್ಟು ವರ್ಷದಲ್ಲಿ ಇಂಥ ದೂರು ನಾನು ಕೇಳಿರಲಿಲ್ಲ. ಬಿಡಿಸಿ ಹೇಳಿ ಎಂದೆ.

ಈ ಕಡೆಯವರು ಮಗಳ ಮದುವೆಯ ಸಾಮಾನನ್ನು ಮದುವೆ ಹತ್ತಿರ ಬಂದಾಗ ಕೊಳ್ಳುವುದಿಲ್ಲ. ದೀಪಾವಳಿಯ ಮುಂಚಿನ ಧನ್‌ತೇರಸ್ ದಿನ ಕೊಂಡರೆ ಶುಭ ಎಂದು ಆಗಲೇ ಕೊಂಡು ಇಟ್ಟಿರುತ್ತಾರೆ. ಇಟ್ಟದ್ದನ್ನು ಬಿಚ್ಚುವುದಿಲ್ಲ. ಮಗಳಿಗೆಂದು ತಂದದ್ದನ್ನು ತವರಿನವರು ಬಿಚ್ಚಿದರೆ ಅದು ಬಳಸಿದ ಹಾಗಾಯಿತು ಎಂಬ ಭಾವನೆ. ಮದುವೆಯ ದಿನ ಎಲ್ಲರ ಮುಂದೆ ಪೆಟ್ಟಿಗೆ ಸಮೇತ ಜೋಡಿಸಿಟ್ಟು, ಪೆಟ್ಟಿಗೆ ಸಮೇತ ಗಂಡಿನ ಮನೆಗೆ ಕಳಿಸುತ್ತಾರೆ. ಓಂಪ್ರಕಾಶ್ ಜೀ ಮನೆಯಲ್ಲಿ ಆ ದೊಡ್ಡ ಪೆಟ್ಟಿಗೆ ಚಳಿಗಾಲವೆಲ್ಲ ಅವರ ಮಂಚದ ಪಕ್ಕದಲ್ಲೇ ಚಾದರ ಹೊದ್ದು ನಿಂತಿತ್ತಂತೆ. ಹೆಂಡತಿ ಅದರ ಮೇಲೆ ಕುಂಕುಮದಿಂದ ಸ್ವಸ್ತಿಕ ಬರೆದಿದ್ದರಂತೆ.

ಗುರುಗ್ರಾಮದಲ್ಲಿ ನೆಂಟರೆಲ್ಲ ಸೇರಿದ್ದಾಗ ಪೆಟ್ಟಿಗೆ ಬಿಚ್ಚಿದರು. ಬಿಳಿ ಫ್ರಿಜ್ಜಿನ ಒಂದು ಪಕ್ಕ ಪೂರಾ ಹಳದಿ. ಬಾಗಿಲಲ್ಲಿ ಒಂದು ತೂತು. ಐಸ್ ಕಟ್ಟುವುದಿಲ್ಲ. ಇದು ಸೆಕೆಂಡ್ ಹ್ಯಾಂಡ್ ಎಂದು ಯಾರೋ ಅಂದರು. ಮಿಕ್ಕವರು ನಕ್ಕರು.

"ಬೀಗಿತ್ತಿ ಬೈದ್ರಾ?"

"ಇಲ್ಲ ಬಹನ್ ಜೀ, ಅವರೂ ನಕ್ಕರಂತೆ ಅಷ್ಟೇ. ಅವರ ಬಗ್ಗೆ ನನಗೇನಿಲ್ಲ. ರಿತು ನನ್ನ ಫೋನ್ ಎತ್ತೋದು ಬಿಟ್ಟಿದ್ದಾಳೆ. ನಾನು ಹಳೇದು ಕೊಟ್ಟೆ ಅಂತ ಅವಳೂ ನಂಬಿದ್ದಾಳೆ."

ನನಗೆ ಸಿಟ್ಟು ನೆತ್ತಿಗೇರಿತು. "ಹೆತ್ತ ಮಗಳು ಹಾಗೆ ನಂಬೋದಾ?"

ಆ ಮನುಷ್ಯ ತಲೆ ತಗ್ಗಿಸಿದರು. "ಅವಳದೇನೂ ತಪ್ಪಿಲ್ಲ. ಚಿಕ್ಕವಳಿದ್ದಾಗ ಹಳೇ ಸೈಕಲ್ ತಂದು ಬಣ್ಣ ಹೊಡೆದು ಹೊಸದು ಅಂತ ಹೇಳಿದ್ದೆ. ಮೊದಲ ಮಳೆಗೇ ಬಣ್ಣ ಹೋಯ್ತು. ಪುಸ್ತಕ ಹಳೇದು, ಸ್ಕೂಲ್ ಬ್ಯಾಗ್ ಹಳೇದು, ಕೋಟು ಅಣ್ಣ ಹಾಕಿ ಬಿಟ್ಟಿದ್ದು. ಎಲ್ಲಾ ಹೊಸದು ಅಂತಾನೇ ಹೇಳ್ತಿದ್ದೆ. ಅವಳೂ ಗೊತ್ತಾದ್ರೂ ಗೊತ್ತಿಲ್ಲದ ಹಾಗೆ ಇರ್ತಿದ್ದಳು. ಇದೊಂದು, ಜೀವನದಲ್ಲಿ ಇದೊಂದು ನಿಜವಾಗ್ಲೂ ಹೊಸದು ಕೊಡಿಸಿದ್ದೆ."

ಆದರೂ ನನ್ನ ನಾಲಿಗೆ ಸುಮ್ಮನಿರಲಿಲ್ಲ, ಮಗಳಿಗೆ ಇಷ್ಟೆಲ್ಲ ಸಾಮಾನು ಯಾಕೆ ಹೇರಿ ಕಳಿಸಬೇಕಿತ್ತು ಎಂದು ಕೇಳಿದೆ. "ಅವರು ಕೇಳ್ಲಿಲ್ಲ ಬಹನ್ ಜೀ. ಬರಿಗೈಯಲ್ಲಿ ಕಳಿಸೋ ಧೈರ್ಯ ನನಗಿರ್ಲಿಲ್ಲ" ಎಂದರು. ಬೈಯಬೇಕೆಂದು ತೆರೆದ ಬಾಯಿ ಮುಚ್ಚಿಕೊಂಡೆ.

ಮಾರಿದ ಅಂಗಡಿಯವನು, ಪೆಟ್ಟಿಗೆ ಬಿಚ್ಚಲು ಇಷ್ಟು ತಿಂಗಳು ಯಾಕೆ ಕಾದಿರಿ, ನಡುವೆ ಏನಾಯಿತೋ ನನಗೇನು ಗೊತ್ತು ಎಂದು ಇವರನ್ನು ಸಾಗಹಾಕಿದ್ದ. ಮೆಹ್ರಾ ಸಾಹೇಬರ ಹತ್ತಿರ ಹೋದೆ. ಬದಲಾಯಿಸುವ ಅವಧಿ ಮುಗಿದಿದೆ, ಏನೂ ಮಾಡಲಾಗದು ಎಂದರು. ಬೇಡಿಕೊಂಡ ಮೇಲೆ, "ಬೇಕಾದ್ರೆ ರಫೀಕ್‌ನ ಕಳಿಸಿ ಉಚಿತವಾಗಿ ಪರೀಕ್ಷೆ ಮಾಡಿಸಿ. ನೀವೂ ಹೋಗ್ತೀರಾ? ಹೋಗಿ. ಖೇದ ವ್ಯಕ್ತಪಡಿಸಿ ಬನ್ನಿ. ಅದಕ್ಕಿಂತ ಒಂದಕ್ಷರ ಜಾಸ್ತಿ ಬೇಡ" ಎಂದರು.

ರಫೀಕ್ ಭಾಯಿ ನಮ್ಮ ಹಳೆಯ ಮೆಕ್ಯಾನಿಕ್, ಮಿತಭಾಷಿ. ಮರುವಾರ ನಾನು, ಅವರು, ಓಂಪ್ರಕಾಶ್ ಜೀ, ಮೂವರೂ ಮೆಟ್ರೋ ಹಿಡಿದು ಗುರುಗ್ರಾಮಕ್ಕೆ ಹೋದೆವು. ಎತ್ತರದ ಕಟ್ಟಡ, ಲಿಫ್ಟಿನಲ್ಲಿ ಹೋಗಬೇಕು. ಬಾಗಿಲು ತೆರೆದದ್ದು ರಿತುವಿನ ಅತ್ತೆ. ರಿತು ಅಡುಗೆಮನೆಯಿಂದ ಹೊರಗೆ ಬಂದವಳು ಅಪ್ಪನನ್ನು ನೋಡಿ, ನಮಸ್ತೆ ಎಂದು ಎಲ್ಲರಿಗೂ ಸೇರಿಸಿ ಹೇಳಿ, ಗೋಡೆಗೆ ಒರಗಿ ನಿಂತಳು. ಓಂಪ್ರಕಾಶ್ ಜೀ ಸೋಫಾದ ಮೇಲೆ ಕೂರಲಿಲ್ಲ. ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳಲು ಇಟ್ಟಿದ್ದ ಸ್ಟೂಲಿನ ತುದಿಯಲ್ಲಿ ಕೂತರು.

ಅತ್ತೆ ನೀರಿನ ತಟ್ಟೆ ತಂದರು. ನಾನು, ರಫೀಕ್ ಭಾಯಿ ತೆಗೆದುಕೊಂಡೆವು. ಓಂಪ್ರಕಾಶ್ ಜೀ ಕೈ ಮುಗಿದು, ತಮ್ಮ ಚೀಲದಿಂದ ಬಾಟಲಿ ತೆಗೆದು ಒಂದು ಗುಟುಕು ಕುಡಿದರು. ಅದನ್ನು ಕಂಡು ನನಗೆ ಸಂಕಟವಾಯಿತು. ಅವರ ಕಡೆಯ ಹಳಬರು ಮಗಳನ್ನು ಕೊಟ್ಟ ಮನೆಯಲ್ಲಿ ಹನಿ ನೀರು ಕುಡಿಯುವುದಿಲ್ಲ. ಕೊಟ್ಟ ಮೇಲೆ ಆ ಮನೆಯಿಂದ ಏನನ್ನೂ ತೆಗೆದುಕೊಳ್ಳಬಾರದು ಎಂಬ ನೇಮ. ನಮ್ಮ ಕಡೆ ಬೀಗರ ಮನೆಗೆ ಹೋದರೆ ಹೋಳಿಗೆ ಬಡಿಸಿ, ಇನ್ನೊಂದು, ಇನ್ನೊಂದು ಎಂದು ಪ್ರಾಣ ತೆಗೆಯುತ್ತಾರೆ. ಇಲ್ಲಿ ಈ ಅಪ್ಪ ಘಾಜಿಯಾಬಾದಿನಿಂದ ತನ್ನ ನೀರು ತಾನೇ ಹೊತ್ತು ತಂದಿದ್ದರು.

ಫ್ರಿಜ್ಜು ಬಾಲ್ಕನಿಯಲ್ಲಿತ್ತು. ಒಳಗೆ ಈರುಳ್ಳಿ, ಆಲೂಗಡ್ಡೆ, ಹಳೆಯ ಪೇಪರುಗಳ ಕಟ್ಟು. ರಫೀಕ್ ಭಾಯಿ ಬಾಗಿಲಿನ ತೂತಿಗೆ ಬೆರಳಿಟ್ಟು ನೋಡಿದರು, ಹಳದಿ ಪಕ್ಕವನ್ನು ಸವರಿದರು, ಹಿಂಭಾಗ ಬಿಚ್ಚಿ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು. "ಮೇಡಂ, ಇದು ಶೋರೂಮ್ ಪೀಸ್. ಗಾಜಿನ ಕಿಟಕಿ ಹತ್ರ ಇಟ್ಟಿದ್ದಾರೆ, ಬಿಸಿಲಿಗೆ ಒಂದು ಪಕ್ಕ ಹಳದಿ ಆಗಿದೆ. ತೂತು ಬೆಲೆ ಚೀಟಿ ತೂಗು ಹಾಕಿದ್ದು. ಎಳೆದಾಡಿ ಗ್ಯಾಸ್ ಸೋರಿದೆ, ಅದಕ್ಕೇ ಐಸ್ ಕಟ್ಟಲ್ಲ. ಹೊಸ ಪೆಟ್ಟಿಗೆಗೆ ತುಂಬಿ ಅಂಟು ಹಾಕಿ ಮಾರಿದ್ದಾರೆ."

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅತ್ತೆ, ರಿತು, ಸ್ಟೂಲಿನ ತುದಿಯಲ್ಲಿ ಕೂತ ಓಂಪ್ರಕಾಶ್ ಜೀ. ಅಸುವಿಧಾ ಕೇ ಲಿಯೇ ಎಂದು ಶುರು ಮಾಡಿದೆ, ಸತ್ಯವಾಗಿ ಹೇಳುತ್ತೇನೆ, ಮುಂದಿನ ಪದ ಹೊರಡಲಿಲ್ಲ. ಖೇದವಂತೆ ಖೇದ! ಯಾರ ಖೇದ ಯಾರಿಗೆ ಬೇಕಿತ್ತು ಅಲ್ಲಿ?

"ರಿತು ಬೇಟಾ, ಇಲ್ಲಿ ಕೇಳು" ಎಂದೆ. "ನಿಮ್ಮ ತಂದೆ ಹೊಸ ಫ್ರಿಜ್ಜನ್ನೇ ಕೇಳಿ ಕೊಂಡದ್ದು. ನಮ್ಮ ಡೀಲರು ಅಂಗಡಿಯಲ್ಲಿ ತೋರಿಸೋಕೆ ಇಟ್ಟದ್ದನ್ನ ಪೆಟ್ಟಿಗೆಗೆ ತುಂಬಿ ಅವರಿಗೆ ಮೋಸ ಮಾಡಿದ್ದಾನೆ. ತಪ್ಪು ನಮ್ಮದು. ನಿಮ್ಮ ತಂದೆ ನಿನಗೆ ಹಳೇದು ಕೊಡ್ಲಿಲ್ಲ. ಈ ಮಾತು ನಾನು ಎಲ್ಲಿ ಬೇಕಾದ್ರೂ ಹೇಳ್ತೀನಿ."

ಅತ್ತೆ "ಹಾಯ್ ರಾಮ್" ಎಂದು ಕೆನ್ನೆಗೆ ಕೈ ಇಟ್ಟರು. ರಿತು ನನ್ನ ಕಡೆ ನೋಡಲಿಲ್ಲ. ಅಪ್ಪನ ಕಡೆ ತಿರುಗಿ ಕೇಳಿದಳು.

"ಒಂದ್ಸಲ ಬಿಚ್ಚಿ ನೋಡ್ಬಾರ್ದಿತ್ತಾ ಪಾಪಾ?"

"ನಿನ್ನ ವಸ್ತು ಬೇಟಾ. ನಾನು ಹೇಗೆ ಬಿಚ್ಲಿ?"

ಅವಳು ಸರಕ್ಕನೆ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಕಾದೆವು. ಹೊರಗೆ ಬರಲಿಲ್ಲ. ಹಿಂತಿರುಗುವಾಗ ಮೆಟ್ರೋದಿಂದ ಇಳಿಯುತ್ತಾ ಓಂಪ್ರಕಾಶ್ ಜೀ ನನಗೆ ಕೈ ಮುಗಿದರು. ಇನ್ನೂ ಕೆಡಿಸಿದೆನೋ ಏನೋ ಎಂದು ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ.

ಇತ್ತ ಮೆಹ್ರಾ ಸಾಹೇಬರು ಉರಿದುಬಿದ್ದರು. ನಾನು ಮುಚ್ಚಿಡುವ ಪೈಕಿಯಲ್ಲ, ಎಲ್ಲ ಹೇಳಿದ್ದೆ.

"ಆ ಮಾತು ಯಾಕೆ ಆಡಿದ್ರಿ? ನಾಳೆ ಅವರು ಗ್ರಾಹಕ ನ್ಯಾಯಾಲಯಕ್ಕೆ ಹೋದ್ರೆ?"

"ಹೋಗ್ಲಿ ಸರ್. ನನ್ನ ಕರೆದ್ರೆ ನಾನೂ ಹೋಗಿ ಇದನ್ನೇ ಹೇಳ್ತೀನಿ."

ಮೆಹ್ರಾ ಸಾಹೇಬರು ಹೆದರಿಕೆಯಿಂದಲೋ ಮನುಷ್ಯತ್ವದಿಂದಲೋ, ಕೊನೆಗೆ ಆ ಡೀಲರನ್ನು ಕರೆಸಿ ಉಗಿದರು. ಹೊಸ ಫ್ರಿಜ್ಜು ಕೊಡಲು ಒಪ್ಪಿಗೆಯಾಯಿತು. ನನ್ನನ್ನು ಮಾತ್ರ ಸ್ವಲ್ಪ ಕಾಲ ಬಿಡಿ ಭಾಗಗಳ ವಿಭಾಗಕ್ಕೆ ಹಾಕಿದರು. ಅಲ್ಲಿ ಮಾತಾಡಲು ನಟ್ಟು, ಪೈಪು ಬಿಟ್ಟರೆ ಯಾರೂ ಇರಲಿಲ್ಲ. ಗಲಾಟೆಯಿಲ್ಲದೆ ನೆಮ್ಮದಿಯಾಗಿದ್ದೆ.

ಫ್ರಿಜ್ಜು ಹೊರಡುವ ಮುಂಚೆ ರಿತುವಿನ ಫೋನು ಬಂತು. ದನಿ ತೀರ ಸಣ್ಣದಾಗಿತ್ತು.

"ಆಂಟಿ, ಹೊಸದು ಬರೋ ದಿನ ಪಾಪಾನೂ ಬರ್ಬೇಕು. ಪೆಟ್ಟಿಗೆ ಅವರೇ ಬಿಚ್ಬೇಕು."

"ಅದಕ್ಕೆ ನಾನ್ಯಾಕೆ? ನೀನೇ ಫೋನ್ ಮಾಡಿ ಕರಿ."

"ನಾನು ಕರೆದ್ರೆ, ಮಗಳ ಮನೆಗೆ ಪದೇ ಪದೇ ಬರಬಾರದು ಅಂತಾರೆ. ಕಂಪನಿ ರೂಲು ಅನ್ನಿ. ರೂಲು ಅಂದ್ರೆ ಬರ್ತಾರೆ. ಕಾರ್ಖಾನೆಯಲ್ಲಿ ಇದ್ದವರು."

ಅಪ್ಪನನ್ನು ಎಷ್ಟು ಚೆನ್ನಾಗಿ ತಿಳಿದಿದ್ದಾಳೆ ಎನಿಸಿ ನನ್ನ ಎದೆಯ ಮೇಲಿನ ಭಾರ ಇಳಿಯಿತು. ಓಂಪ್ರಕಾಶ್ ಜೀಗೆ ಫೋನು ಮಾಡಿ, ಬಿಲ್ಲು ಯಾರ ಹೆಸರಲ್ಲಿದೆಯೋ ಅವರ ಎದುರಿಗೇ ಪೆಟ್ಟಿಗೆ ಬಿಚ್ಚಬೇಕೆಂಬ ನಿಯಮವಿದೆ ಎಂದು ಗತ್ತಿನಿಂದ ಹೇಳಿದೆ. ಅಂಥ ನಿಯಮ ನಮ್ಮ ಕಂಪನಿಯಲ್ಲಿ ಇರಲಿಲ್ಲ. ಇರಬೇಕಿತ್ತು.

ಜೂನಿನ ಉರಿಬಿಸಿಲಿನ ದಿನ ಫ್ರಿಜ್ಜು ಹೋಯಿತು. ಬೆಳಿಗ್ಗೆಯೇ ರಫೀಕ್ ಭಾಯಿ ಜೊತೆ ಓಂಪ್ರಕಾಶ್ ಜೀ ಹೋಗಿ ಪೆಟ್ಟಿಗೆ ಬಿಚ್ಚಿದ್ದರು. ಫ್ರಿಜ್ಜನ್ನು ಕೂರಿಸಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಆಮೇಲೆ ಕರೆಂಟು ಕೊಟ್ಟು, ತಣ್ಣಗಾದ ಮೇಲೆ ಗಿರಾಕಿಗೆ ಎಲ್ಲ ತೋರಿಸಿ ಹೇಳಿಕೊಡುವುದು ಪದ್ಧತಿ. ಅದಕ್ಕೆ ಡೆಮೊ ಎನ್ನುತ್ತೇವೆ. ಆಫೀಸು ಮುಗಿಸಿ ನಾನು ಸಂಜೆಯ ಡೆಮೊಗೆ ತಲುಪಿದೆ. ಯಾರೂ ನನ್ನನ್ನು ಕಳಿಸಿರಲಿಲ್ಲ, ಮನಸ್ಸು ಕೇಳದೆ ಹೋದೆ.

ಬಾಲ್ಕನಿಯ ಫ್ರಿಜ್ಜು ಹೋಗಿತ್ತು. ಹೊಸದನ್ನು ಅಡುಗೆಮನೆಯ ಬಾಗಿಲಿಗೆ ಎದುರಾಗಿ ನಿಲ್ಲಿಸಿದ್ದರು. ಎರಡೂ ಪಕ್ಕ ಬೆಳ್ಳಗೆ ಹೊಳೆಯುತ್ತಿತ್ತು. ಓಂಪ್ರಕಾಶ್ ಜೀ ಮತ್ತೆ ಅದೇ ಸ್ಟೂಲಿನ ಮೇಲಿದ್ದರು. ಕಾಲ ಬುಡದಲ್ಲಿ ಅವರ ಬಾಟಲಿ, ಪೂರಾ ಖಾಲಿ. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಬೆಳಗಿನಿಂದ ಅತ್ತೆ ಎಷ್ಟು ಸಲ ಕೇಳಿದರೂ ಹನಿ ನೀರು ಮುಟ್ಟಿಲ್ಲವೆಂದು ರಫೀಕ್ ಭಾಯಿ ನನಗೆ ಕಣ್ಣಲ್ಲೇ ತಿಳಿಸಿದರು.

ಡೆಮೊ ಮುಗಿಯಿತು. ರಿತು ಫ್ರಿಜ್ಜಿನ ಬಾಗಿಲು ತೆರೆದು ಬಾಟಲಿ ತೆಗೆದಳು, ಸ್ಟೀಲಿನ ಗ್ಲಾಸಿಗೆ ನೀರು ಬಗ್ಗಿಸಿದಳು. ಗ್ಲಾಸಿನ ಹೊರಗೆ ಆಗಲೇ ಬೆವರು. ತಂದು ಅಪ್ಪನ ಮುಂದೆ ನಿಂತಳು.

"ನಹೀಂ ಬೇಟಾ" ಎಂದು ಓಂಪ್ರಕಾಶ್ ಜೀ ಕೈ ಮುಗಿದರು. ಮಗಳಿಗೆ ಕೈ ಮುಗಿದರು!

ಅವಳು ಕದಲಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತಿದ್ದರು. ರಿತು ತಲೆ ತಿರುಗಿಸಿ ನನ್ನನ್ನು ನೋಡಿದಳು.

"ಭಾಯಿ ಸಾಹೇಬ್, ಬಿಲ್ಲು ಯಾರ ಹೆಸರಲ್ಲಿದೆ?" ಎಂದು ಗಟ್ಟಿಯಾಗಿ ಕೇಳಿದೆ.

ಅವರು ಗಾಬರಿಯಿಂದ ಎದ್ದು ನಿಂತರು. "ನನ್ನ ಹೆಸರಲ್ಲೇ ಬಹನ್ ಜೀ."

"ಹಾಗಾದ್ರೆ ನೀವು ಗಿರಾಕಿ. ನೀರು ತಣ್ಣಗಾಗಿದೆಯೋ ಇಲ್ಲವೋ ಅಂತ ಗಿರಾಕಿ ಕುಡಿದು ಹೇಳ್ಬೇಕು. ಇಲ್ಲದಿದ್ರೆ ಡೆಮೊ ಮುಗೀಲಿಲ್ಲ, ನಾವು ಹೊರಡೋ ಹಾಗಿಲ್ಲ. ಅಪ್ಪ ಅಂತ ಕುಡೀಬೇಡಿ. ಗಿರಾಕಿ ಅಂತ ಕುಡೀರಿ."

"ಹಾಂ ಜೀ, ರೂಲು ಇದೆ" ಎಂದರು ರಫೀಕ್ ಭಾಯಿ. ಅವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಓಂಪ್ರಕಾಶ್ ಜೀ ನನ್ನನ್ನು ನೋಡಿದರು, ರಫೀಕ್ ಭಾಯಿಯನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ಎರಡೂ ಕೈಯಿಂದ ಗ್ಲಾಸು ತೆಗೆದುಕೊಂಡರು. ಮೊದಲು ತುಟಿಗೆ ತಾಗಿಸಿದರು. ಮತ್ತೆ ಕಣ್ಣು ಮುಚ್ಚಿ, ನಿಲ್ಲಿಸದೆ, ಕೊನೆಯ ಹನಿಯವರೆಗೂ ಕುಡಿದರು. ಆ ಮನೆಯೊಳಗೆ ಅವರು ಗುಟುಕರಿಸುವ ಸದ್ದೊಂದೇ ಕೇಳುತ್ತಿತ್ತು.

"ಠಂಡಾ ಹೈ" ಎಂದರು.

"ಸರಿಯಾಗಿ ಗೊತ್ತಾಯ್ತಾ ಪಾಪಾ?" ಎಂದಳು ರಿತು. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. "ಇನ್ನೊಂದು ಗ್ಲಾಸ್ ಕುಡಿದು ನೋಡ್ತೀರಾ?"

ಓಂಪ್ರಕಾಶ್ ಜೀ ಖಾಲಿ ಗ್ಲಾಸನ್ನು ಮಗಳ ಮುಂದೆ ಹಿಡಿದರು.